ಎಲ್ಲಾ ಬರೊಬ್ಬರಿ ಆಗಬೇಕನ್ನೋ ಹಟ, ಮುಗಿಯದ ವಿಚಾರ: ದಿನಾ ಹೆಂಗ ನಿಭಾಯಸ್ತೀರಿ?

ನವನಗರದ ಲೆಕ್ಕದವ, ಬಾಗಲಕೋಟೆ

ನಮಸ್ಕಾರ್ರಿ ಎಲ್ಲಾರಿಗೂ. ನಾ ಒಂದು ಪತ್ತಿನ ಸಹಕಾರಿ ಸಂಘದಾಗ ಲೆಕ್ಕ ಬರೆಯೂ ಕೆಲಸ ಮಾಡ್ತೀನಿ. ಲೆಕ್ಕದಾಗ ನನಗೇನೂ ತ್ರಾಸ ಇಲ್ಲ. ಸಂಜೀಕ ಕ್ಯಾಶ್ ಎಣಸ್ತೀವಿ, ಡೇ ಬುಕ್ಕಿಗೆ ತಾಳೆ ಹಾಕ್ತೀವಿ, ಕೂಡಿತಂದ್ರ ಕೂಡಿತು, ಕೀಲಿ ಹಾಕಿ ಮನಿಗೆ ಬರ್ತೀವಿ. ತ್ರಾಸ ಎಲ್ಲಾ ತಾಳೆ ಹಾಕಾಕ ಬರದಂಥ ಕೆಲಸದ್ದು.

ಮ್ಯಾಲಿನವರಿಗೆ ನಾಕು ಸಾಲಿನ ಪತ್ರ ಬರಿಯೂದಂದ್ರ ಅರ್ಧಾ ದಿನ ಹೋಗತೈತಿ. ಬರಿಯೂದು, ಅಳಸೂದು, ಹೊಳ್ಳಿ ಬರಿಯೂದು. ತಂಗಿ ಮದುವಿ ಕಾರ್ಡಿನಾಗ ಯಾವ ಕಾಕಾನ ಹೆಸರು ಮ್ಯಾಲ, ಯಾವ ಸೋದರಮಾವನ ಹೆಸರು ಕೆಳಗ ಅಂತ ಹಚಗೊಂಡು ಕುಂತವ, ಪ್ರೆಸ್ಸಿನವರು ಪ್ರೂಫ್ ಕಳಿಸಿದ್ರೂ ಹೂಂ ಅನ್ನವಲ್ಲೆ. ಇದು ಕೆಲಸಕ್ಕ ಮೊದಲಿನ ಕಥಿ. ಕೆಲಸ ಮುಗದ ಮ್ಯಾಲ ಇನ್ನೊಂದು ಸುರು ಆಗತೈತಿ. ಯಾರಿಗೋ ಫೋನಿನಾಗ ಮಾತಾಡಿ ಇಟ್ಟ ಮ್ಯಾಲ, ನಾ ಅಂದದ್ದು ಅವರಿಗೆ ಹೆಂಗ ತಿಳೀತೋ, ದನಿ ಏರಿತ್ತೇನೋ, ಅವರು ಲಗೂನ ಫೋನ್ ಯಾಕ ಇಟ್ಟರು ಅಂತ ರಾತ್ರಿ ಎಲ್ಲಾ ತಲ್ಯಾಗ ಅದ ತಿರಗತೈತಿ.

ನನಗನಸೂದು, ಇವೆರಡೂ ಬ್ಯಾರೆ ಬ್ಯಾರೆ ಅಲ್ಲ. ಮೊದಲ ‘ತಪ್ಪಾದರ ಹೆಂಗ’ ಅನ್ನೂದು, ಆಮ್ಯಾಲ ‘ತಪ್ಪಾತೇನೋ’ ಅನ್ನೂದು. ಅಂಜಿಕಿ ಒಂದ, ನಿಂತಿರೋ ಜಾಗ ಎರಡು.

‘ಅಷ್ಟು ವಿಚಾರ ಮಾಡಬ್ಯಾಡ’ ಅಂತ ದಯವಿಟ್ಟು ಯಾರೂ ಹೇಳಬ್ಯಾಡ್ರಿ. ಅದನ್ನ ಹೇಳಾಕ ಮನ್ಯಾಗ ಮಂದಿ ಅದಾರ. ನೀವು ಖರೇನ ಮಾಡಿ ನೋಡಿದ್ದು, ನಿಮಗ ದಕ್ಕಿದ್ದು ಏನೈತಿ ಅದನ್ನ ಹೇಳ್ರಿ.

ಉದ್ಯಮಬಾಗ ಟರ್ನರ್, ಬೆಳಗಾವಿ

ಅಣ್ಣಾರ, ನಮ್ಮ ಮಷಿನ್ ಶಾಪಿನ ಕೆಲಸ ಇಟ್ಕೊಂಡ ಹೇಳ್ತೀನಿ. ನಮ್ಮ ಕೈಗೆ ಬರೂ ಡ್ರಾಯಿಂಗಿನಾಗ ಬರೇ ಅಳತಿ ಎಂದೂ ಇರೂದಿಲ್ಲ, ಅದರ ಜೋಡಿ ಟಾಲರನ್ಸ್, ಅಂದ್ರ ಅಳತಿ ಎಷ್ಟ ಹೆಚ್ಚು ಕಡಿಮಿ ಆದ್ರೂ ನಡೀತೈತಿ ಅನ್ನೂದು, ಇರತೈತಿ. 25 ಮಿಲಿಮೀಟರ್ ಶಾಫ್ಟ್, ಸಣ್ಣ ಎಚ್ 7 ಅಂತ ಬರದಿದ್ರ, 25ರಿಂದ 24.979ರ ತನಕ ಎಷ್ಟ ಬಂದ್ರೂ ಮಾಲು ಪಾಸ್. 21 ಮೈಕ್ರಾನಿನ ಜಾಗ ಕೊಟ್ಟಿರತಾರ, ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು. ಅದ ಶಾಫ್ಟಿಗೆ ಎಚ್ 6 ಕೇಳಿದ್ರ ಜಾಗ 13 ಮೈಕ್ರಾನಿಗೆ ಇಳೀತೈತಿ. ಟೈಮ್ ಹೆಚ್ಚ ತಿನ್ನತೈತಿ, ರಿಜೆಕ್ಷನ್ ಹೆಚ್ಚ ಆಗತೈತಿ, ರೇಟೂ ಏರತೈತಿ. ಅದಕ್ಕ ತಿಳಿದ ಡಿಸೈನರ್ ಬೇಕಾದ ಕಡೆ ಅಷ್ಟ ಬಿಗಿ ಹಿಡೀತಾನ, ಉಳಿದ ಕಡೆ ಸಡಲ ಬಿಡ್ತಾನ.

ಇನ್ನ ಮುಖ್ಯ ಮಾತ ಏನಂದ್ರ, ಆ ಟಾಲರನ್ಸ್ ಬರಿಯೂದು ಕೆಲಸ ಸುರು ಆಗೂಕಿಂತ ಮೊದಲ. ಮಷಿನ್ ಮ್ಯಾಲ ನಿಂತವ ಅದನ್ನ ಠರಾಸೂದಿಲ್ಲ. ಗೇಜ್ ಹಚ್ಚಿ ನೋಡ್ತೀವಿ. ಗೋ ಕಡೆ ಹೋಗಬೇಕು, ನೋ-ಗೋ ಕಡೆ ಹೋಗಬಾರದು. ಆತು, ಪೆಟಿಗ್ಯಾಗ ಇಡೂದು, ಮುಂದಿನ ಪೀಸ್ ಹಚ್ಚೂದು. ‘ಇನ್ನಷ್ಟ ಚೊಲೊ ಮಾಡಬಹುದಿತ್ತೇನೋ’ ಅಂತ ಪಾಸಾದ ಪೀಸಿಗೆ ಹೊಳ್ಳಿ ಟೂಲ್ ಹಚ್ಚಿದ್ರ ಅಳತಿ ಕೆಳಗ ಹೋಗಿ ಅದು ಸ್ಕ್ರ್ಯಾಪ್ ಆಗತೈತಿ. ಕಡದ ಲೋಹ ತಿರುಗಿ ಹಚ್ಚಾಕ ಬರೂದಿಲ್ಲ.

ನಾನೂ ವಿಚಾರದ ಮನಷ್ಯಾನ. ಅದಕ್ಕ ಮನಿ ಕೆಲಸಕ್ಕೂ ಇದನ್ನ ಹಚ್ಚೀನಿ. ಬೆಂಗಳೂರ ಕಸ್ಟಮರಿಗೆ ಮೇಲ್ ಬರಿಯೂದಿದ್ರ, ಬರಿಯೂಕಿಂತ ಮೊದಲ ಒಂದು ಚೀಟಿಮ್ಯಾಲ ಬರ್ಕೋತೀನಿ: ಏನ ಕೇಳಬೇಕು, ಯಾವ ತಾರೀಖಿಗೆ ಬೇಕು, ನಂಬರ್ ಬರೊಬ್ಬರಿ ಐತಿಲ್ಲೊ. ಇವು ಮೂರು ಇದ್ದು, ಎರಡ ಸಲ ಓದಿದ್ರ ಕಳಸೂದ. ನನ್ನ ಇಂಗ್ಲಿಷಿನಾಗ ಮರಾಠಿ ಕನ್ನಡ ಎರಡೂ ಹಣಿಕಿ ಹಾಕತಾವು. ಅದು ಚೀಟ್ಯಾಗ ಇಲ್ಲ, ಹಂಗಾಗಿ ಅದನ್ನ ತಿದ್ದೂದಿಲ್ಲ. ನಿಮ್ಮ ಮದುವಿ ಕಾರ್ಡಿಗೂ ಹಿಂಗ ಮಾಡ್ರಿ. ತಾರೀಖು, ಮುಹೂರ್ತ, ಮಂಗಲ ಕಾರ್ಯಾಲಯದ ಹೆಸರು, ಇವು ಬಿಗಿ. ಕಾಕಾಗೋಳ ಸಾಲು ವಯಸ್ಸಿನ ಪ್ರಕಾರ ಹಾಕಿ ಕೈಬಿಡ್ರಿ.

ಓದುವ ಹುಡುಗ, ವಿಜಯಪುರ

ಸರ, ನಂದೂ ಇದೇ ಅದ. ಕೆಎಎಸ್‌ಗೆ ಓದ್ಲಿಕತ್ತೀನಿ. ನೋಟ್ಸ್ ಭಾಳ ಛಂದ ಮಾಡೀನಿ, ಮೂರು ಬಣ್ಣದ ಪೆನ್ನಿನಾಗ. ಒಂದು ಪಾನಾ ಕೆಟ್ಟರ ಹರದು ಹೊಸದಾಗಿ ಬರೀತೀನಿ. ಆದ್ರ ಇನ್ನೂ ಒಂದೂ ಮಾದರಿ ಪರೀಕ್ಷಾ ಕೊಟ್ಟಿಲ್ಲ. ಸಿಲೆಬಸ್ ಪೂರ್ತಿ ಮುಗದ ಮ್ಯಾಲ ಕೊಡೋಣ ಅಂತ ಕುಂತೀನಿ, ಅದು ಮುಗ್ಯಾಣಿಲ್ಲ. ತಪ್ಪು ಉತ್ತರಕ್ಕ ಕಾಲು ಪಾಲು ಅಂಕ ಕಡಿತಾರ, ಅದಕ್ಕ ಗೊತ್ತಿದ್ದ ಪ್ರಶ್ನಿಗೂ ಕೈ ಹಿಂದ ಮುಂದ ಆಗ್ತದ. ಅಪ್ಪ ಹೊಲದ ಕೆಲಸ ಬಿಟ್ಟು ಬಂದು ನನ್ನ ರೂಮಿನ ಬಾಡಿಗಿ ಕೊಟ್ಟು ಹೋಗ್ತಾನ. ಅವನ ಮುಖಾ ನೋಡಿದ್ರ ಇನ್ನಷ್ಟು ಅಂಜಿಕಿ.

ಮನಶ್ಶಾಸ್ತ್ರದ ಮಾಸ್ತರ, ವಿಜಯಪುರ

ಕಾಲೇಜಿನಲ್ಲಿ ಈ ವಿಷಯವನ್ನೇ ಕಲಿಸುವವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಬೇಕು.

ತಮ್ಮಾ, ನೀನು ಕೊನೆಗೆ ಬರೆದ ಸಾಲೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. 1991ರಲ್ಲಿ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಎಂಬ ಕೆನಡಾದ ಇಬ್ಬರು ಮನಶ್ಶಾಸ್ತ್ರಜ್ಞರು ಪರಿಪೂರ್ಣತೆಯ ಹಟವನ್ನು ಮೂರು ಬಗೆಯಾಗಿ ನೋಡಿದರು. ನಾನು ತಪ್ಪಬಾರದು ಎಂಬುದು ಒಂದು. ನನ್ನವರು ತಪ್ಪಬಾರದು ಎಂಬುದು ಇನ್ನೊಂದು. ಉಳಿದವರು ನನ್ನಿಂದ ತಪ್ಪಿಲ್ಲದ್ದನ್ನೇ ಬಯಸುತ್ತಾರೆ, ತಪ್ಪಿದರೆ ನನ್ನನ್ನು ಕೈಬಿಡುತ್ತಾರೆ ಎಂಬ ನಂಬಿಕೆ ಮೂರನೆಯದು. ಖಿನ್ನತೆ, ಆತಂಕಗಳ ಜೊತೆ ಬಲವಾಗಿ ತಳಕು ಹಾಕಿಕೊಂಡಿರುವುದು ಈ ಮೂರನೆಯದು. ಥಾಮಸ್ ಕರನ್ ಮತ್ತು ಆಂಡ್ರ್ಯೂ ಹಿಲ್ ಎಂಬವರು 1989ರಿಂದ 2016ರವರೆಗೆ ಅಮೆರಿಕ, ಕೆನಡಾ, ಬ್ರಿಟನ್ನಿನ ನಲವತ್ತು ಸಾವಿರಕ್ಕೂ ಮೀರಿದ ಕಾಲೇಜು ವಿದ್ಯಾರ್ಥಿಗಳಿಂದ ಬಂದ ಉತ್ತರಗಳನ್ನು ಒಟ್ಟಿಗೆ ನೋಡಿದಾಗ, ಮೂರೂ ಏರಿದ್ದವು. ಹೆಚ್ಚು ಏರಿದ್ದು ಈ ಮೂರನೆಯದೇ. ಅದು ಅಲ್ಲಿಯ ಮಕ್ಕಳ ಮಾತು. ಆದರೆ ಅಪ್ಪ ಬಾಡಿಗೆ ಕೊಟ್ಟು ಹೋದ ಮೇಲೆ ಪುಸ್ತಕ ತೆರೆಯುವ ನನ್ನ ವಿದ್ಯಾರ್ಥಿಗಳನ್ನು ನೋಡುವಾಗ ನನಗೆ ಈ ಮೂರನೆಯದೇ ನೆನಪಾಗುತ್ತದೆ.

ನೋಟ್ಸಿನ ವಿಷಯ. ಪಾನ ಹರಿದು ಮತ್ತೆ ಬರೆಯುವುದು ಓದಿನಂತೆ ಕಾಣುತ್ತದೆ, ನಿಜವಾಗಿ ಅದು ಪರೀಕ್ಷೆಯನ್ನು ಮುಂದೂಡುವ ದಾರಿ. ಓದಿದ್ದನ್ನು ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಉತ್ತರಿಸಿ ನೋಡುವುದು ಹೆಚ್ಚು ಕಾಲ ತಲೆಯಲ್ಲಿ ಉಳಿಯುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಗಟ್ಟಿಯಾದ ಸಂಗತಿ. ಆದ್ದರಿಂದ ಓದು ಮುಗಿದ ಮೇಲೆ ಪರೀಕ್ಷೆ ಅಲ್ಲ, ಪರೀಕ್ಷೆಯೇ ಓದಿನ ಒಂದು ಭಾಗ. ಅರ್ಧ ಸಿಲೆಬಸ್ಸಿಗೇ ಒಂದು ಮಾದರಿ ಪರೀಕ್ಷೆ ಬರೆ. ಕಡಿಮೆ ಅಂಕ ಬರುತ್ತದೆ, ಬರಲಿ. ಯಾವ ಪಾಠ ತೆರೆಯಬೇಕೆಂದು ಅದು ತೋರಿಸುತ್ತದೆ.

ನವನಗರದ ಅಣ್ಣನವರೇ, ‘ವಿಚಾರ ಮಾಡಬ್ಯಾಡ’ ಅನ್ನಬೇಡಿ ಎಂದಿರಿ. ಆ ಮಾತು ಕೆಲಸ ಮಾಡದಿರುವುದಕ್ಕೆ ಕಾರಣವೂ ಇದೆ. 1987ರಲ್ಲಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಅವರು ಗಂಟೆ ಬಾರಿಸುತ್ತಲೇ ಇದ್ದರು. ಆಮೇಲೆ ನೆನೆಯಬಹುದು ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಬಂತು. ವಿಚಾರವನ್ನು ಒತ್ತಿ ಹಿಡಿದರೆ ಆಗುವುದು ಇದೇ.

ಅದರ ಬದಲು ಥಾಮಸ್ ಬೋರ್ಕೋವೆಕ್ ತಂಡ 1983ರಲ್ಲಿ ಬರೆದ ಒಂದು ಉಪಾಯವಿದೆ. ಚಿಂತೆಗೆಂದೇ ದಿನಾಲೂ ಒಂದೇ ಹೊತ್ತು, ಒಂದೇ ಜಾಗ, ಅರ್ಧ ಗಂಟೆ ಇಡುವುದು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಗುರುತಿಸಿ, ಆ ಹೊತ್ತಿಗೆ ಮುಂದೂಡಿ, ಕೈಯಲ್ಲಿದ್ದ ಕೆಲಸಕ್ಕೆ ಮರಳುವುದು. ಆ ಅರ್ಧ ಗಂಟೆಯಲ್ಲಿ ಮನಸಾರೆ ಚಿಂತಿಸಿ, ಮಾಡಬಹುದಾದದ್ದು ಏನಾದರೂ ಇದ್ದರೆ ಬರೆದಿಡುವುದು. ಒಂದೇ ಎಚ್ಚರ: ಆ ಜಾಗ ಹಾಸಿಗೆ ಆಗಬಾರದು, ಆ ಹೊತ್ತು ಮಲಗುವ ಮುಂಚಿನದಾಗಬಾರದು. ಸಂಜೆ ಚಹಾ ಆದ ಮೇಲಿನ ಹೊತ್ತು ಒಳ್ಳೆಯದು. ಮೊದಲ ವಾರ ಇದು ಒಗ್ಗುವುದಿಲ್ಲ, ಬಿಡಬೇಡಿ.

ಶಹಾಪುರದ ಸೊಸಿ, ಬೆಳಗಾವಿ

ಎಲ್ಲಾರೂ ಚೊಲೊ ಬರದೀರಿ. ಆದ್ರ ಒಂದು ಮಾತು ನನಗ ಒಪ್ಪಿಗಿ ಆಗವಲ್ಲದು, ಸಿಟ್ಟಾಗಬ್ಯಾಡ್ರಿ.

ಟರ್ನರ್ ಅಣ್ಣಾರಿಗೆ ಡ್ರಾಯಿಂಗ್ ಬರದು ಕೊಡೂ ಮಂದಿ ಅದಾರ. ಲೆಕ್ಕದ ಅಣ್ಣಾರಿಗೆ ಸಂಜೀಕ ಕೀಲಿ ಐತಿ. ನಾ ಮುಂಜಾನೆ ಸಾಲಿಗೆ ಹೋಗಿ ಕಲಸ್ತೀನಿ, ಮನಿಗೆ ಬಂದು ಅಡಗಿ ಮಾಡ್ತೀನಿ. ನನಗ ಯಾರು ಟಾಲರನ್ಸ್ ಬರದು ಕೊಡ್ತಾರ? ಮಾಸ್ತರ್ರು ‘ನಂಬಿಕೆ’ ಅಂದ್ರು. ನಂದು ಬರೇ ನಂಬಿಕಿ ಅಲ್ರಿ, ಖರೇನ ಅಂತಾರ. ಪಲ್ಯಾದಾಗ ಉಪ್ಪು ಒಂದು ಚೂರು ಕಡಿಮಿ ಆದ್ರ ಬಂದ ಮಂದಿ ಮುಂದನ ಮಾತು ಬರತೈತಿ. ಹಬ್ಬದಾಗ ಹೋಳಗಿ ಹರದ್ರ ಮುಂದಿನ ಹಬ್ಬದ ತನಕ ನೆನಪ ಇಡ್ತಾರ. ಮನಿ ಗಂಡಸರು ಒಂದು ಕೆಲಸ ಅರ್ಧಾ ಬಿಟ್ಟು ಎದ್ದು ಹೋದ್ರ ಯಾರೂ ಏನೂ ಅನ್ನೂದಿಲ್ಲ. ಹಂಗಿದ್ದಾಗ ‘ನಿನ್ನ ತಲ್ಯಾಗಿಂದು ತಗಿ’ ಅಂತ ನನಗ ಹೇಳಿದ್ರ, ತಪ್ಪು ಮತ್ತ ನನ್ನ ಮ್ಯಾಲನ ಬಂದಂಗ ಆತಲ್ರಿ.

ರಾತ್ರಿ ನಾ ತಿರುವಿ ಹಾಕೂದು ನಾಳೆ ಮಾತು ಬರಬಾರದಂತ. ಅದು ನನಗ ಹುಚ್ಚು ಅನಸೂದಿಲ್ಲ, ಲೆಕ್ಕಾಚಾರ ಅನಸತೈತಿ.

ಕಸೂತಿ ಅಕ್ಕ, ಇಳಕಲ್ಲ

ಶಹಾಪುರದ ತಂಗಿ, ನೀ ಅಂದದ್ದು ಖರೆ ಐತಿ. ಅದಕ್ಕ ಆಮ್ಯಾಲ ಬರ್ತೀನಿ. ಮೊದಲ ಟರ್ನರ್ ತಮ್ಮಗ ಒಂದು ಮಾತು.

ನಮ್ಮ ಕೆಲಸದಾಗ ಟಾಲರನ್ಸ್ ಇಲ್ಲಪಾ. ಕಸೂತಿಗೆ ಚಿತ್ರ ಬರಕೊಳ್ಳೂದಿಲ್ಲ, ಬಟ್ಟಿ ಎಳಿ ಎಣಿಸಿ ಹಾಕೂದು. ಗವಂತಿ ಹೊಲಿಗಿಯಾಗ ಹೋಗತ ಒಂದು ಬಿಟ್ಟು ಒಂದು ಹಾಕ್ಕೋತ ಹೋಗತೀವಿ, ಬರತ ಬಿಟ್ಟ ಜಾಗ ತುಂಬ್ಕೋತ ಬರತೀವಿ. ಗಂಟ ಹಾಕಂಗಿಲ್ಲ, ಹಿಂದ ಮುಂದ ಎರಡೂ ಕಡೆ ಒಂದ ನಮೂನಿ ಕಾಣಬೇಕು. ಒಂದ ಎಳಿ ಎಣಿಕಿ ತಪ್ಪಿದ್ರ ತಿರುಗಿ ಬರೂ ದಾರ ಸುರು ಮಾಡಿದ ಜಾಗಕ್ಕ ಬಂದು ಕೂಡೂದಿಲ್ಲ. ಬಟ್ಟಿಮ್ಯಾಲ ಹಾಕಿದ ತೇರಿನ ಕಳಸ ಒಂದು ಕಡೆ ವಾಲಿ ಬಿಡತೈತಿ. ಹಂಗಾಗಿ ಎಲ್ಲಾ ಕೆಲಸದಾಗ ಸಡಲ ಬಿಡ್ರಿ ಅಂದ್ರ ನಾ ಒಪ್ಪೂದಿಲ್ಲ. ಬಿಗಿ ಬೇಕಾದ ಕೆಲಸ ಅದಾವು, ಆ ಬಿಗಿಯಾಗ ಸುಖಾನೂ ಐತಿ.

ಆದ್ರ ನನ್ನ ಕಡೆ ಕಲ್ಯಾಕ ಬರೂ ಹುಡಿಗ್ಯಾರನ್ನ ನೋಡೀನಿ. ಕೆಲವ್ರು ಒಂದೊಂದು ಹೊಲಿಗಿ ಹಾಕಿ ಬಟ್ಟಿ ತಿರುವಿ ನೋಡ್ತಾರ, ಮನಸ್ಸಿಗೆ ಬರಲಿಲ್ಲಂದ್ರ ಬಿಚ್ಚತಾರ, ಮತ್ತ ಹಾಕ್ತಾರ, ಮತ್ತ ಬಿಚ್ಚತಾರ. ಬಿಚ್ಚಿ ಬಿಚ್ಚಿ ಬಟ್ಟಿ ಎಳಿ ಜಾರಿ ಅಲ್ಲಿ ಜುಂಗ ಎದ್ದಿರತೈತಿ. ಎಳೀನ ಕಾಣಲಿಲ್ಲಂದ್ರ ಎಣಸೂದು ಯಾವದನ್ನ? ಅವರಿಗೆ ನಾ ಹೇಳೂದಿಷ್ಟ: ಹೊಲಿಗಿಗೊಮ್ಮೆ ನೋಡಬ್ಯಾಡ, ಒಂದು ಗೋಪುರ ಮುಗಿಲಿ, ದಾರ ತಿರುಗಿ ಬಂದು ಕೂಡಲಿ, ಆಗ ನೋಡು. ಕೂಡಿದ್ರ ಮುಂದ ನಡಿ. ಕೂಡಲಿಲ್ಲಂದ್ರ ಆ ಗೋಪುರ ಅಷ್ಟ ಬಿಚ್ಚು, ಪೂರಾ ಸೆರಗು ಬಿಚ್ಚಬ್ಯಾಡ.

ಈಗ ತಂಗಿ ನಿನ್ನ ಮಾತು. ನಾ ಸೂಜಿ ಇಟ್ಟು ಎದ್ದರ ರೊಟ್ಟಿಗೆ ಎಳಿ ಎಣಸೂದಿಲ್ಲ. ಅಂಚು ಸೀಳಿದ ರೊಟ್ಟೀನೂ ಬುಟ್ಟಿಗೆ ಬೀಳತೈತಿ, ಎಲ್ಲಾರೂ ಉಣ್ಣತಾರ. ಆದ್ರ ಈ ಧೈರ್ಯ ಸೊಸಿ ಆದಾಗಿನಿಂದ ಇರಲಿಲ್ಲವಾ. ನಮ್ಮತ್ತಿ ಜೋಡಿ ಕುಂತು ‘ಅತ್ತಿ, ಹಬ್ಬಕ್ಕ ಏನೇನ ಆಗಬೇಕು, ನೀವ ಹೇಳ್ರಿ’ ಅಂತ ಮೊದಲ ಕೇಳ್ತಿದ್ದೆ. ಅವರು ಹತ್ತ ಹೇಳ್ತಿದ್ರು. ‘ಇದರಾಗ ಇವು ನನ್ನ ಕೈಲೆ ಆಗತಾವು, ಉಳಿದದ್ದು ಯಾರ ಮಾಡ್ತಾರ, ಯಾವದು ಬಿಡೂಣು’ ಅಂತ ಅಲ್ಲೇ ಕೇಳ್ತಿದ್ದೆ. ಹಬ್ಬದ ದಿವಸ ಕೇಳಿದ್ರ ಜಗಳ, ಹಬ್ಬಕ್ಕ ಮೊದಲ ಕೇಳಿದ್ರ ಮಾತುಕತಿ. ಎಲ್ಲಾ ಮನ್ಯಾಗ ಇದು ನಡೀತೈತಿ ಅಂತ ಹೇಳಂಗಿಲ್ಲ. ನಿನ್ನ ಗಂಡನ್ನ ಅಡಗಿಮನಿಗೆ ಕರಿ. ಅವನ ಅವ್ವಗ ಅವನ ಹೇಳೂ ಮಾತು ಬ್ಯಾರೆ ಇರತೈತಿ.

ನವನಗರದ ಲೆಕ್ಕದವ, ಬಾಗಲಕೋಟೆ

ಎಲ್ಲಾರ ಮಾತೂ ಓದೀನಿ, ಭಾಳ ಉಪಕಾರ ಆತ್ರಿ. ಚೀಟಿ ಪದ್ಧತಿ ಆಫೀಸಿನ ಪತ್ರಕ್ಕ ಹತ್ತೈತಿ. ಯಾಕ ಹತ್ತೈತಿ ಅಂತ ವಿಚಾರ ಮಾಡಿದ್ರ, ಬರಿಯೂ ಮುಂದ ಮನಸ್ಸು ಎಂದೂ ಸಾಕು ಅನ್ನೂದಿಲ್ಲ, ಸಾಕು ಅನ್ನೂದನ್ನ ಬರಿಯೂಕಿಂತ ಮೊದಲ ಠರಾಸಿ ಇಡಬೇಕು. ಚಿಂತಿ ಹೊತ್ತಿಗೆ ಸಂಜಿ ಕಟ್ಟಿಮ್ಯಾಲ ಕುಂದ್ರತೀನಿ. ರಾತ್ರಿ ವಿಚಾರ ಪೂರಾ ನಿಂತಿಲ್ಲ, ಆದ್ರ ‘ಇದನ್ನ ನಾಳೆ ಕಟ್ಟಿಮ್ಯಾಲ ನೋಡೂಣು’ ಅಂತ ಅನ್ನಾಕ ಒಂದು ಜಾಗ ಸಿಕ್ಕೈತಿ.

ಶಹಾಪುರದ ಅಕ್ಕಾರ, ನಿಮ್ಮ ಮಾತಿನಿಂದ ನನ್ನ ಮನ್ಯಾಗ ನಾ ಏನೇನ ಅಂತಿರತೀನಿ ಅನ್ನೂದು ಕಿವಿಗೆ ಬೀಳಾಕ ಹತ್ತೈತಿ. ಅದು ಚೊಲೋನ ಆತು.

ಗುಣ ಆಗಾಕ ಹತ್ತಿದವ, ಜಮಖಂಡಿ

ಇಷ್ಟು ದಿವಸ ಸುಮ್ಮ ಓದಾಕ ಹತ್ತಿದ್ದೆ. ಒಂದು ಮಾತು ಹೇಳಲೇಬೇಕು. ಯಾಕಂದ್ರ ಇಲ್ಲಿ ಹೇಳಿದ ಉಪಾಯ ಎಲ್ಲಾರಿಗೂ ನಡಿಯೂದಿಲ್ಲ.

ನನಗ ಇದ್ದದ್ದು ಗೀಳು ರೋಗ, ಡಾಕ್ಟರರು ಓಸಿಡಿ ಅಂತಾರ. ಗ್ಯಾಸಿನ ಕಿವಿ, ಬಾಗಲದ ಕೀಲಿ, ಕೈ ತೊಳಿಯೂದು. ಊರಿನವರೆಲ್ಲಾ ‘ಭಾಳ ಶಿಸ್ತಿನ ಮನಷ್ಯಾ’ ಅಂತಿದ್ರು, ನಾನೂ ಅದನ್ನ ನಂಬಿದ್ದೆ. ‘ಎರಡ ಸಲ ನೋಡಿ ಬಿಡು’ ಅನ್ನೂ ನಿಯಮ ನನಗ ಕೆಲಸ ಮಾಡಲಿಲ್ಲ. ಆ ಎರಡ ಸಲಾನ ಒಂದು ಕಟ್ಟಳಿ ಆತು, ಎರಡನೇ ಸಲ ಸರಿಯಾಗಿ ನೋಡಿದೆನೋ ಇಲ್ಲೋ ಅಂತ ಮತ್ತ ಸುರು. ಹೆಂಡತಿಗೆ ‘ಕೀಲಿ ಹಾಕೀನಿಲ್ಲ?’ ಅಂತ ಕೇಳ್ತಿದ್ದೆ, ಪಾಪ ಆಕಿ ಹಾಕೀರಿ ಅಂತಿದ್ಲು. ಆಮ್ಯಾಲ ತಿಳೀತು, ಹಂಗ ಧೈರ್ಯ ಕೊಡೂದ ರೋಗಕ್ಕ ಮೇವು.

ಇಂಥ ವಿಚಾರ, ಇಂಥ ಕಟ್ಟಳಿ ದಿನಕ್ಕ ಒಂದು ತಾಸಿಗಿಂತ ಹೆಚ್ಚು ತಿನ್ನಾಕ ಹತ್ತಿದ್ರ, ಇಲ್ಲಾ ಕೆಲಸ ಮನಿ ಎಲ್ಲಾ ಕೆಡಸಾಕ ಹತ್ತಿದ್ರ, ದಯವಿಟ್ಟು ಡಾಕ್ಟರರ ಕಡೆ ಹೋಗ್ರಿ. ಇದಕ್ಕ ಔಷಧ ಐತಿ. ಅದರ ಜೋಡಿ ಇನ್ನೊಂದು ಚಿಕಿತ್ಸಾ ಐತಿ, ಅಂಜಿಕಿ ಬರೂ ಜಾಗದಾಗ ನಿಲ್ಲಿಸಿ, ತಿರುಗಿ ನೋಡದ ಇರಾಕ ಸಾವಕಾಶ ಕಲಸ್ತಾರ. ಕೀಲಿ ಒಮ್ಮೆ ಹಾಕಿ, ಮುಟ್ಟದ, ಕೇಳದ, ನಡದು ಹೋಗೂದು. ಮೊದಲ ಎದಿ ಒಡದಂಗ ಆಗತೈತಿ, ಹೊತ್ತು ಹೋದಂಗ ತಾನ ಇಳೀತೈತಿ. ಔಷಧ ಗುಣಾ ತೋರಿಸಾಕ ವಾರಗಟ್ಟಲೆ ಬೇಕು, ನಡುವ ಬಿಡಬ್ಯಾಡ್ರಿ.

ಎಲ್ಲಿ ಹೋಗೂದು ಅನ್ನೋರಿಗೆ: 14416ಕ್ಕ ಫೋನ್ ಹಚ್ಚಿದ್ರ ಟೆಲಿ ಮಾನಸ್ ಅನ್ನೂ ಮಾನಸಿಕ ಆರೋಗ್ಯದ ಸಹಾಯವಾಣಿ ಸಿಗತೈತಿ. 2022ರ ಅಕ್ಟೋಬರಿನಾಗ ಸರಕಾರ ಸುರು ಮಾಡಿದ್ದು, ರೊಕ್ಕ ಬೇಕಿಲ್ಲ, ಹಗಲು ರಾತ್ರಿ ಕನ್ನಡದಾಗ ಮಾತಾಡಬಹುದು. ಜಿಲ್ಲಾ ಆಸ್ಪತ್ರಿಯಾಗ ಮಾನಸಿಕ ವಿಭಾಗ ಇರತೈತಿ. ನಮ್ಮ ಕಡೆಯವರಿಗೆ ಇದರ ದೊಡ್ಡ ಆಸ್ಪತ್ರಿ ಅಂದ್ರ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್. ಬದುಕೂದ ಬ್ಯಾಡ ಅನ್ನೂ ವಿಚಾರ ಬಂದವರು ಒಂದು ದಿನಾನೂ ತಡೀಬ್ಯಾಡ್ರಿ, ಆವತ್ತ ಮನ್ಯಾಗಿನವರಿಗೆ ಹೇಳ್ರಿ, ಆ ನಂಬರಿಗೆ ಹಚ್ಚರಿ.

ಮನಶ್ಶಾಸ್ತ್ರದ ಮಾಸ್ತರ, ವಿಜಯಪುರ

ಜಮಖಂಡಿಯ ಅಣ್ಣನವರು ಹೇಳಿದ ವ್ಯತ್ಯಾಸವನ್ನು ನಾನೇ ಮೊದಲು ಹೇಳಬೇಕಿತ್ತು ಅನ್ನುವಷ್ಟು ಅದು ಮುಖ್ಯ. ಡಾಕ್ಟರರ ಬಳಿ ಹೋಗುವವರು ‘ಟೆನ್ಷನ್ ಇದೆ’ ಎಂದಷ್ಟೇ ಹೇಳಿ ಬರಬೇಡಿ. ಏನನ್ನು ತಿರುಗಿ ತಿರುಗಿ ನೋಡುತ್ತೀರಿ, ಎಷ್ಟು ಹೊತ್ತು ಹೋಗುತ್ತದೆ, ಯಾವ ಕೆಲಸ ನಿಂತಿದೆ ಎಂಬುದನ್ನು ಹೇಳಿ. ನಾಚಿಕೆಯಿಂದ ಬಚ್ಚಿಟ್ಟರೆ ನಿದ್ರೆಗಷ್ಟೇ ಗುಳಿಗೆ ಸಿಕ್ಕೀತು.

ಶಹಾಪುರದ ತಂಗಿಗೂ ಒಂದು ಮಾತು. ಬೇರೆಯವರ ಬಯಕೆಯ ಭಾರ ನಿಮ್ಮ ಕಲ್ಪನೆ ಎಂದು ನಾನು ಹೇಳಲಿಲ್ಲ, ಹಾಗೆ ಕೇಳಿಸಿದ್ದರೆ ಅದು ಸರಿಯಲ್ಲ. ಭಾರ ನಿಜವಾಗಿದ್ದಾಗ ಅದನ್ನು ಹಂಚುವುದೇ ಮದ್ದು. ಒಬ್ಬರೇ ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಲದು.

ಶಹಾಪುರದ ಸೊಸಿ, ಬೆಳಗಾವಿ

ಸರ, ಅಕ್ಕಾರ, ಈ ಮಾತಿಗೆ ಮನಸ್ಸು ತುಸು ಹಗುರ ಆತು. ಮನಿಯವರಿಗೆ ಇಲ್ಲಿದ್ದದ್ದು ಎಲ್ಲಾ ಓದಾಕ ಕೊಟ್ಟೀನಿ. ‘ದೀಪಾವಳಿ ಫರಾಳ ಏನೇನ ಮಾಡೂದು ಅಂತ ಅವ್ವನ ಜೋಡಿ ನಾ ಮಾತಾಡ್ತೀನಿ, ಚಕ್ಕಲಿ ಒತ್ತಾಕ ನಾ ಕುಂದ್ರತೀನಿ’ ಅಂದಾರ. ಅತ್ತಿಯವರು ಏನಂತಾರೋ ಇನ್ನ ನೋಡಬೇಕು. ನನಗ ಅಂಜಿಕಿ ಹೋಗಿಲ್ಲ.

ಓದುವ ಹುಡುಗ, ವಿಜಯಪುರ

ಮಾಸ್ತರ ಹೇಳಿದಂಗ ಅರ್ಧಾ ಸಿಲೆಬಸ್ಸಿಗೇ ಮಾದರಿ ಪರೀಕ್ಷಾ ಬರದೆ. ಅಂಕ ಕಡಿಮಿನೇ ಬಂದಾವ, ಅರ್ಥಶಾಸ್ತ್ರದಾಗ ಭಾಳ ಹೋಗ್ಯಾವ, ಇತಿಹಾಸದಾಗ ನಾ ಅಂಜಿದಷ್ಟು ಇಲ್ಲ. ಅಪ್ಪಗ ಫೋನ್ ಹಚ್ಚಿ ಅಂಕ ಹೇಳಿದೆ. ‘ಮತ್ತ ಯಾವಾಗ ಬರೀತಿ’ ಅಂತ ಕೇಳಿದ, ಅಷ್ಟೇ.

ಪ್ರತಿ ರವಿವಾರ ಮುಂಜಾನೆ ಎರಡು ತಾಸು, ಗಡಿಯಾರ ಇಟ್ಕೊಂಡು ಒಂದು ಪೇಪರ್ ಬರದು, ಆಮ್ಯಾಲ ಒಬ್ಬರದು ಒಬ್ಬರು ತಿದ್ದೋಣ ಅಂತ ಮಾಡೀವಿ. ಈಗ ನಾವು ಮೂರು ಮಂದಿ ಅದೀವಿ. ವಿಜಯಪುರದಾಗ ಓದ್ಲಿಕತ್ತವರು ಯಾರಾದ್ರೂ ಬರೋರಿದ್ರ ಇಲ್ಲೇ ತಿಳಸ್ರಿ, ಸಿಲೆಬಸ್ ಎಷ್ಟು ಮುಗದದ ಅಂತ ಯಾರೂ ಕೇಳೂದಿಲ್ಲ.